ನೀವು ಮಾಡಿಸದ ರಕ್ತಪರೀಕ್ಷೆ

"ನೆತ್ತರು ಸುಳ್ಳಾಡದು" ಎಂದೇನೋ ಒಂದು ಸಾಲು ಓದಿದ್ದೆ, ಪೂರ್ತಿ ನೆನಪಿಲ್ಲ. ಪರೀಕ್ಷೆಗೇ ಕೊಡದಿದ್ದರೆ ಅದು ನಿಜವನ್ನಾದರೂ ಹೇಗೆ ಹೇಳೀತು?

ಇಂದು ಅಂಕೋಲೆಯ ನಿಮ್ಮ ಡಾಕ್ಟರನ್ನು ಕಂಡು ಬಂದೆ. ನೀವು ವಿಟಮಿನ್ ಎನ್ನುತ್ತಿದ್ದ ಇಂಜೆಕ್ಷನ್ ಟೆಸ್ಟೋಸ್ಟೆರಾನ್ ಅಂತೆ, ಗಂಡಸುತನದ ಹಾರ್ಮೋನು.

"ಅದರಿಂದ ರಕ್ತ ಹೆಚ್ಚಾಗಿ ಗಟ್ಟಿಯಾಗ್ತದೆ, ಮುಖ ಕೆಂಪಾಗ್ತದೆ, ಆಗಾಗ ಪರೀಕ್ಷೆ ಮಾಡಿಸಿ ಅಂತ ನಿಮ್ಮ ಯಜಮಾನರಿಗೆ ಎಷ್ಟು ಹೇಳಿದೆ! ಕಾರವಾರದ ಲ್ಯಾಬಿನಲ್ಲಿ ಹೆಂಡತಿಯ ತಮ್ಮ ಇದ್ದಾನೆ, ಮರ್ಯಾದೆ ಹೋಗ್ತದೆ ಅಂದ್ರು."

ಮರ್ಯಾದೆ ಉಳಿಯಿತು. ಮಿದುಳಲ್ಲಿ ರಕ್ತ ಹೆಪ್ಪುಗಟ್ಟಿ ನೀವು ಹೋದಿರಿ. ನನಗೆ ಹೇಳಿದ್ದರೆ ನಾನು ನಗುತ್ತಿದ್ದೆನೇ?

ಮನೆಗೆ ಬಂದು ಬೀಗ ತೆಗೆಯುವಾಗ ಪಕ್ಕದ ಮನೆಯ ಸುಮತಿ ಬಾಗಿಲಿಗೇ ಬಂದಳು.

"ವೈನೀ, ಇನ್ನೂ ನಂಬೂಕಾಗೂದಿಲ್ಲ. ಮೈತುಂಬ ರಕ್ತ ಇತ್ತು, ಮುಖ ಹ್ಯಾಂಗೆ ಕೆಂಪಗಿತ್ತು ಅವ್ರದು! ಎಲ್ಲ ನಿಮ್ಮ ಕೈಯೂಟದ ಗುಣ."