ಚೀಲವಾಗಿ ಮನೆಗೆ ಬಂದ ಮಾತು

ಮಾನ್ಯ ವಲಯಾಧ್ಯಕ್ಷರೇ,

‘ಗುಡ್ಡದ ಬಸ್ಸು ನಿಲ್ಲಲು ನಾನು ಬಿಡುವುದಿಲ್ಲ’ ಎಂದು ಬರೆಸಿ, ಚುನಾವಣೆಗೆ ಮುಂಚೆ ನಮ್ಮ ಮೆಟ್ಟಿಲ ಬುಡದಲ್ಲಿ ಕಟ್ಟಿಸಿದ್ದಿರಲ್ಲ, ಆ ಬ್ಯಾನರ್ ಈ ತಿಂಗಳು ನಮ್ಮ ಮನೆಗೇ ಬಂತು. ನಿಮ್ಮ ಕಚೇರಿಯವರು ಅದನ್ನು ಕತ್ತರಿಸಿ, ಹೊಲಿದು, ಉದುರೆಲೆ ತುಂಬುವ ಚೀಲ ಮಾಡಿ ಮನೆಗೊಂದರಂತೆ ಹಂಚಿದ್ದಾರೆ. ಬಸ್ಸು ಅಕ್ಟೋಬರಿನಲ್ಲೇ ನಿಂತಿದೆ. ಏನನ್ನೂ ವ್ಯರ್ಥ ಮಾಡಬಾರದೆಂಬ ನಿಮ್ಮ ಕಾಳಜಿಯನ್ನು ಮೆಚ್ಚಲೇಬೇಕು. ಬಟ್ಟೆ ಉಳಿಯಿತು, ಮಾತು ಅಳಿಯಿತು.

ಚೀಲ ತಂದವರು ನಮ್ಮ ಓಣಿಯ ಮುಖ್ಯಸ್ಥೆ ಗೂಕ್ ಅಕ್ಕ. “ಒಳಗಡೆ ನೋಡ್ಬೇಡ ಮಿರಾನ್, ಸುಮ್ನೆ ಎಲೆ ತುಂಬು,” ಅಂದರು. ಹಾಗಂದ ಮೇಲೆ ನೋಡದೆ ಇರುವುದುಂಟೆ? ಮಗುಚಿದೆ. ಮೂಗಿನಿಂದ ಕೆಳಗೆ ನೀವು, ನಿಮ್ಮ ನಗು, ಅದರಡಿ ಆ ವಾಕ್ಯ ಇಡಿಯಾಗಿ. ಕಣ್ಣುಗಳು ಬಹುಶಃ ಪಕ್ಕದ ಮನೆಯ ಚೀಲಕ್ಕೆ ಹೋಗಿರಬೇಕು.

ಬುಸಾನಿನ ಈ ಗುಡ್ಡದಲ್ಲಿ ನಮ್ಮ ಮನೆಯಿಂದ ದೊಡ್ಡ ರಸ್ತೆಗೆ ಇನ್ನೂರ ಹನ್ನೆರಡು ಮೆಟ್ಟಿಲು. ಬಸ್ಸಾದರೆ ಸುತ್ತುದಾರಿಯಲ್ಲಿ ನಮ್ಮ ಓಣಿಯವರೆಗೂ ಬರುತ್ತಿತ್ತು. ನನ್ನ ಅತ್ತೆಗೆ ಎಪ್ಪತ್ತೆಂಟು ವರ್ಷ. ಸೋಮವಾರ, ಬುಧವಾರ, ಶುಕ್ರವಾರ ಕೆಳಗಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಗಂಡ ಹಡಗಿನಲ್ಲಿದ್ದಾರೆ. ಟ್ಯಾಕ್ಸಿ ಕರೆದರೆ ಗುಡ್ಡದ ವಿಳಾಸ ನೋಡಿಯೇ ರದ್ದು. ಬೆಳಗ್ಗೆ ಅವರ ತೋಳು ಹಿಡಿದು ಇಳಿಸಿ ಆಸ್ಪತ್ರೆಯ ಬಾಗಿಲಿಗೆ ಬಿಟ್ಟು ನಾನು ಶಾಲೆಯ ಅಡುಗೆಮನೆಗೆ ಓಡುತ್ತೇನೆ, ಮಧ್ಯಾಹ್ನ ಮತ್ತೆ ಹತ್ತಿಸುತ್ತೇನೆ. ವರ್ಷವಿಡೀ ಊಟಕ್ಕೆ ಹುಳಿಯಿಟ್ಟುಕೊಳ್ಳುವ ಕಿಮ್ಚಿಗೆ ಬೇಕಾದ ಎಲೆಕೋಸೂ ಈ ಸಲ ನನ್ನ ಬೆನ್ನ ಮೇಲೇ ಬಂತು. ಸಂಜೆ ಅಕ್ಕಿ ತೊಳೆಯುತ್ತಾ ಸುದ್ದಿ ನೋಡುತ್ತೇನೆ. ರಾಜಧಾನಿಯಲ್ಲಿ ಸಂಸದರು ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದು ದೇಶವನ್ನು ಮೇಲೆತ್ತುತ್ತಿರುತ್ತಾರೆ. ಅಷ್ಟು ಬಲ ಇರುವವರು ಒಂದು ದಿನ ನಮ್ಮ ಎಲೆಕೋಸಿಗಾದರೂ ಬರಬಾರದೆ?

ನಿಮ್ಮ ಕಚೇರಿಗೆ ಫೋನ್ ಮಾಡಿದೆ.

“ಪ್ರಯಾಣಿಕರು ಕಡಿಮೆ ಮೇಡಂ. ಬೆಳಗಿನ ಬಸ್ಸಿಗೆ ಸರಾಸರಿ ನಾಲ್ಕು ಜನ.”

“ಆ ನಾಲ್ಕರಲ್ಲಿ ಒಬ್ರು ನಮ್ಮತ್ತೆ.”

“ಸರಾಸರೀಲಿ ಹೆಸರಿರಲ್ಲ ಮೇಡಂ.”

ಒಳ್ಳೆಯ ಉತ್ತರ. ಆದರೆ ಮತ ಕೇಳುವಾಗ ನಿಮಗೆ ಅತ್ತೆಯ ಹೆಸರು ಗೊತ್ತಿತ್ತು. ಕ್ಯಾಮೆರಾದವರೊಂದಿಗೆ ಬಂದಿರಿ. “ಅಮ್ಮಾ, ಬೆನ್ನ ಮೇಲೆ ಹತ್ತಿ, ನಾನೂ ನಿಮ್ಮ ಮಗನೇ,” ಎಂದು ಮೆಟ್ಟಿಲ ಬುಡದಲ್ಲಿ ಕುಕ್ಕರುಗಾಲಲ್ಲಿ ಕುಳಿತಿರಿ. ಮೂವತ್ತು ಮೆಟ್ಟಿಲು ಹೊತ್ತಿರಿ. ಕ್ಯಾಮೆರಾದವನು ಸಾಕೆಂದ, ಇಳಿಸಿದಿರಿ. ಉಳಿದ ನೂರ ಎಂಬತ್ತೆರಡನ್ನು ಅತ್ತೆ ಕಂಬಿ ಹಿಡಿದು ಹತ್ತಿ ಬಂದು, “ಬೆನ್ನು ಬೆಚ್ಚಗಿತ್ತು ಕಣೇ, ಒಳ್ಳೇ ಹುಡುಗ,” ಅಂದರು. ಅಷ್ಟಕ್ಕೇ ಬಿಡಲಿಲ್ಲ. ಓಣಿಯ ಹಿರಿಯರು ಸೇರುವ ಮನೆಯಲ್ಲಿ ಇಸ್ಪೀಟಾಡುವ ಹನ್ನೊಂದು ಅಜ್ಜಿಯರನ್ನೂ ಒಪ್ಪಿಸಿ ಮತಗಟ್ಟೆಗೆ ಕರೆದೊಯ್ದರು, ಅದೇ ಬಸ್ಸಿನಲ್ಲಿ. ನಾನೂ ನಿಮಗೇ ಮತ ಹಾಕಿದೆ. ನೀವು ಗಾದಿ ಹತ್ತಿದಿರಿ, ನಾವು ಹಾದಿ ಹತ್ತುತ್ತಿದ್ದೇವೆ.

ಮೂರು ವಾರದ ಹಿಂದೆ ಅತ್ತೆ ಹೇಳಿದರು: “ಇನ್ಮೇಲೆ ಬುಧವಾರ ಬೇಡ. ವಾರಕ್ಕೆ ಎರಡು ಸಲ ಸಾಕಂತೆ, ಡಾಕ್ಟ್ರು ಅಂದ್ರು.” ನಾನು ನಂಬಿದೆ. ನಾಚಿಕೆಯಿಂದ ಬರೆಯುತ್ತಿದ್ದೇನೆ, ನನ್ನ ಮೊಣಕಾಲಿಗೆ ನಂಬುವುದು ಬೇಕಾಗಿತ್ತು. ಮೊನ್ನೆ ನರ್ಸ್ ಫೋನ್ ಮಾಡಿದರು. “ಬುಧವಾರ ಯಾಕೆ ಬರ್ತಿಲ್ಲ ಇವ್ರು? ಹಿಂಗಾದ್ರೆ ಎದೇಲಿ ನೀರು ತುಂಬ್ಕೊಳ್ಳತ್ತೆ. ನಿಮ್ಗೆ ಹೇಳಿಲ್ವಾ?”

ಅತ್ತೆಯನ್ನು ಕೇಳಿದೆ. ಬೆಳ್ಳುಳ್ಳಿ ಸುಲಿಯುತ್ತಾ ಕುಳಿತಿದ್ದರು, ತಲೆಯೆತ್ತಲಿಲ್ಲ.

“ನೀನು ಮೆಟ್ಲು ಇಳಿಯೋದು ನೋಡಕ್ಕಾಗಲ್ಲ ಕಣೇ. ಬಸ್ ಶುರುವಾದ್ಮೇಲೆ ಮೂರು ಸಲ ಹೋಗ್ತೀನಿ.”

“ಬಸ್ ಬರಲ್ಲ ಅತ್ತೆ.”

“ಬರತ್ತೆ. ಅವ್ರಿಗೆ ಯಾರೂ ಹೇಳಿಲ್ಲ ಅಷ್ಟೇ. ಗೊತ್ತಾದ್ರೆ ಸುಮ್ನಿರ್ತಾರಾ?”

ಈಗ ಗೊತ್ತಾಯಿತಲ್ಲ? ಈ ಪತ್ರ ಪತ್ರಿಕೆಯಲ್ಲಿ ಬರುತ್ತದೆ, ಗೊತ್ತಿರಲಿಲ್ಲ ಎನ್ನುವ ಅವಕಾಶವನ್ನು ನಿಮಗೆ ಉಳಿಸಿಲ್ಲ. ಇಡೀ ದಿನದ ಬಸ್ಸು ಕೇಳುತ್ತಿಲ್ಲ. ಡಯಾಲಿಸಿಸ್ ಇರುವ ಮೂರು ದಿನ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಓಡಿಸಿ. ಆಗುವುದಿಲ್ಲವೆಂದರೆ ಬರುವ ಮಂಗಳವಾರದೊಳಗೆ ನಮ್ಮ ಮನೆಗೆ ಬಂದು, ಬಸ್ಸು ಬರುವುದಿಲ್ಲ ಎಂದು ಅತ್ತೆಗೆ ನಿಮ್ಮ ಬಾಯಾರೆ ಹೇಳಿ. ನಾನು ಹೇಳಿದರೆ ಅವರು ನಂಬುವುದಿಲ್ಲ. ಆ ಮಾತು ನಿಮ್ಮಿಂದ ಬರುವ ತನಕ ಅವರು ಬುಧವಾರ ಬಸ್ಸಿಗೆ ಕಾಯುತ್ತಾ ಮನೆಯಲ್ಲೇ ಕೂರುತ್ತಾರೆ.

ಇಂತಿ,
ನಿಮ್ಮನ್ನು ನಂಬುವವರ ಮನೆಯಲ್ಲಿ ನಂಬಿಕೆಗೆ ಅರ್ಹಳಾಗದ ಸೊಸೆ,
ಚೂ ಮಿರಾನ್