ಕುಂಕುಮದಡಿಯ ಕೆಂಪು ದೀಪ

೧೪ ಅಕ್ಟೋಬರ್ ೧೯೭೬, ಗುರುವಾರ

ಅತ್ತೆ ಮಧ್ಯಾಹ್ನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬಿಡಲಿ.

ಅವರನ್ನು ಕಾರಿನಲ್ಲಿ ಕುರುಗೋಡಿಗೆ ಕರೆದೊಯ್ಯುತ್ತಿದ್ದೆ. ಇಂಜಿನ್ನಿನಲ್ಲಿ ಆಯಿಲ್ ಕಡಿಮೆಯಾದರೆ ಸ್ಟಿಯರಿಂಗ್ ಮುಂದೆ ಹತ್ತುವ ಕೆಂಪು ದೀಪದ ಮೇಲೆ, ಆಯುಧಪೂಜೆಯ ದಿನ ಅವರೇ ಮೆತ್ತಿದ ಕುಂಕುಮ ದಪ್ಪಗೆ ಕೂತಿತ್ತು. ಅದರ ಅಂಚಿನಲ್ಲಿ ಏನೋ ಮಿನುಗಿದಂತಾಯಿತು. ಸೆರಗಿನಿಂದ ಒರೆಸಿದೆ. ದೀಪ ಉರಿಯುತ್ತಿತ್ತು! ಅಲ್ಲೇ ಗಾಡಿ ನಿಲ್ಲಿಸಿದೆ.

"ಮುತ್ತೈದಿ ಆಗಿ ಕುಂಕುಮ ಒರಸ್ತಿಯೇನ? ನನ್ನ ಮಗಗ ಏನರ ಆದ್ರ?" ಎಂದು ನಡುರಸ್ತೆಯಲ್ಲೇ ಕೂಗಾಡಿದರು.

ಬಾನೆಟ್ ಎತ್ತಿ, ಆಯಿಲ್ ನೋಡುವ ಕಡ್ಡಿ ಎಳೆದು ತೋರಿಸಿದೆ. ಒಣಗಿತ್ತು.

"ನೋಡ್ರಿ ಅತ್ತಿ, ಹಂಗ ಓಡಿಸಿದ್ರ ಇಂಜಿನ್ನ ಹೋಗ್ತಿತ್ತು."

ಮುಖ ತಿರುಗಿಸಿದರು.

ಸಂಜೆ ಇವರೂ, "ಅವ್ವಗ ತಪ್ಪಾತು ಅಂದ್ಬಿಡು" ಎಂದರು.

ಅನ್ನುವುದಿಲ್ಲ. ಮುಂದಿನ ವರ್ಷವೂ ಗಾಡಿಗೆ ಕುಂಕುಮ ಹಚ್ಚಲಿ. ಆ ದೀಪದ ಮೇಲೆ ಹಚ್ಚಿದರೆ ಮತ್ತೆ ಒರೆಸುತ್ತೇನೆ, ಅವರ ಮಗ ಪಕ್ಕದ ಸೀಟಿನಲ್ಲೇ ಕೂತಿದ್ದರೂ.