ವಿಯೆನೊಗೆ ಓದಿದ ಬಾತುಕೋಳಿಯ ಪುಸ್ತಕ

ರಾಹೆ, ಫೆಬ್ರವರಿ ೧೯

ಪ್ರೀತಿಯ ಅಮ್ಮ,

ನಿನ್ನ ಎರಡೂ ಕಾಗದ ತಲುಪಿದವು. ಉಣ್ಣೆಯ ಕಾಲುಚೀಲಗಳು ವಿಯೆನೊಗೆ ಸರಿಯಾಗಿವೆ. ಫೋನ್ ಯಾಕೆ ಎತ್ತುವುದಿಲ್ಲ ಎಂದು ಕೇಳಿದ್ದೀಯ. ಎತ್ತಿದರೆ ಹೇಗಿದ್ದೀಯ ಎನ್ನುತ್ತೀಯ, ನನಗೆ ಉತ್ತರ ಸಿಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಅಳಿಯ ಒಸ್ಮೊ ಹೊಸ ವರ್ಷದಿಂದ ಹಡಗಿನಲ್ಲೇ ಇದ್ದಾನೆ. ಕೊಲ್ಲಿ ಪೂರ್ತಿ ಹೆಪ್ಪುಗಟ್ಟಿದೆ. ಬೇರೆ ಹಡಗುಗಳಿಗೆ ಮಂಜುಗಡ್ಡೆ ಒಡೆದು ದಾರಿ ಮಾಡಿಕೊಡುವವರಿಗೆ ಈಗ ರಜೆಯಿಲ್ಲ. ಮನೆಯಲ್ಲಿ ನಾನು, ಮಗು ವಿಯೆನೊ, ಇಬ್ಬರೇ. ಹಾಲು ಕೊಡುತ್ತೇನೆ, ಬಟ್ಟೆ ಬದಲಿಸುತ್ತೇನೆ, ಮಲಗಿಸುತ್ತೇನೆ. ಎಲ್ಲ ಸರಿಯಾಗಿಯೇ ಮಾಡುತ್ತೇನೆ, ಆದರೆ ಪಕ್ಕದ ಮನೆಯವರು ನಮ್ಮ ವಶಕ್ಕೆ ಬಿಟ್ಟುಹೋದ ಗಿಡಕ್ಕೆ ನೀರು ಹಾಕಿದ ಹಾಗೆ. ದುಃಖ ಎಂದುಕೊಳ್ಳಬೇಡ. ದುಃಖವಾಗಿದ್ದರೆ ಅಳುತ್ತಿದ್ದೆ.

ಡಿಸೆಂಬರಿನಲ್ಲಿ ಮಕ್ಕಳ ಕ್ಲಿನಿಕ್ಕಿಗೆ ಹೋಗಿದ್ದೆ. ನರ್ಸ್ ಸೀರ್ಪಾ ವಿಯೆನೊಳನ್ನು ತೂಗಿ, ಅವಳ ಮುಖವನ್ನೇ ನೋಡುತ್ತ, "ಇವಳು ಬಾಯೇ ಬಿಡಲ್ವಲ್ಲ. ಮನೇಲಿ ಇವಳ ಜೊತೆ ಮಾತಾಡ್ತೀಯಾ?" ಎಂದಳು.

"ಏನಂತ ಮಾತಾಡ್ಲಿ? ನನ್ನ ಹತ್ರ ಮಾತೇ ಇಲ್ಲ" ಎಂದೆ.

ಬೈಯಲಿಲ್ಲ. ನನಗೊಬ್ಬ ಡಾಕ್ಟರನ್ನು ಗೊತ್ತುಮಾಡಿದಳು. ಆಮೇಲೆ ಬೀರುವಿನಿಂದ ಒಂದು ಬಟ್ಟೆಯ ಚೀಲ ತೆಗೆದಳು. ಹುಟ್ಟಿದ ಪ್ರತಿ ಮಗುವಿಗೂ ಊರಿನ ಗ್ರಂಥಾಲಯ ಕೊಡುವ ಚೀಲ; ನಾನು ಹೋಗಿ ತಂದೇ ಇರಲಿಲ್ಲ. ಒಳಗೆ ದಪ್ಪ ರಟ್ಟಿನ ಎರಡು ಪುಸ್ತಕ.

"ನಿನ್ನ ಮಾತು ಯಾರು ಕೇಳಿದ್ರು? ಇದರಲ್ಲಿರೋದನ್ನ ಓದು. ನಗ್ತಾ ಓದ್ಬೇಕು ಅಂತೇನಿಲ್ಲ, ಓದಿದ್ರೆ ಸಾಕು" ಎಂದಳು.

ಓದಿದೆ. ಒಂದರಲ್ಲಿ ಪುಟಪುಟಕ್ಕೂ ಒಂದು ಬಾತುಕೋಳಿ. ಕೆಸರಲ್ಲಿ ಬಾತು, ಬೂಟಿನಲ್ಲಿ ಬಾತು, ಸೌನಾದ ಬಿಸಿ ಹಬೆಯಲ್ಲಿ ಬಾತು. ರೈಲು ತಡವಾಗಿದೆ ಎಂದು ಸಾರುವವರ ದನಿಯಲ್ಲಿ ದಿನವೂ ಅದನ್ನೇ ಓದಿದೆ. ವಿಯೆನೊ ಮೂಲೆ ಕಚ್ಚಿ ಕಚ್ಚಿ ಒಂದು ಬಾತಿನ ಬಾಲವನ್ನೇ ತಿಂದಳು. ನನಗೆ ಬೇಜಾರೂ ಆಗಲಿಲ್ಲ, ಖುಷಿಯೂ ಆಗಲಿಲ್ಲ.

ಗುರುವಾರದ ದಿನ ಗ್ರಂಥಾಲಯದಲ್ಲಿ ಎಳೆಯ ಮಕ್ಕಳಿಗೆ ಕಥೆ ಓದುತ್ತಾರೆ. ಸೀರ್ಪಾ ಹೇಳಿದಳೆಂದು ಅಲ್ಲಿಗೂ ಹೋಗತೊಡಗಿದೆ. ಬೇರೆ ತಾಯಂದಿರು ನೆಲದ ಮೇಲೆ ಸುತ್ತ ಕೂರುತ್ತಾರೆ. ನಾನು ವಿಯೆನೊಳನ್ನು ಅವರ ನಡುವೆ ಬಿಟ್ಟು ಬಾಗಿಲ ಹತ್ತಿರ, ಎಲ್ಲರ ಕೋಟು ನೇತುಹಾಕಿದ ಕಡೆ ಕೂರುತ್ತಿದ್ದೆ. ಓದುವವನು ಪೆಂಟ್ಟಿ, ನರೆತ ಗಡ್ಡದ ಗ್ರಂಥಪಾಲಕ.

"ಏನಮ್ಮಾ, ಕೋಟುಗಳಿಗೆ ಕಾವಲು ಕೂತಿದ್ದೀಯಾ? ಯಾರೂ ಕದಿಯಲ್ಲ, ಈಚೆ ಬಾ" ಎಂದು ರೇಗಿಸುತ್ತಿದ್ದ. ನಾನು ಏಳುತ್ತಿರಲಿಲ್ಲ.

ಮೊನ್ನೆ ಅವನಿಗೆ ನೆಗಡಿಯಾಗಿ ದನಿಯೇ ಹೊರಡುತ್ತಿರಲಿಲ್ಲ. ನೆಟ್ಟಗೆ ಬಂದು ನನ್ನ ಮಡಿಲಿಗೆ ಪುಸ್ತಕ ಹಾಕಿದ. ಅದೇ ಬಾತಿನದು.

"ನಂಗೆ ಚೆನ್ನಾಗಿ ಓದೋಕೆ ಬರಲ್ಲ" ಎಂದೆ.

"ನಂಗಿವತ್ತು ಓದೋಕೇ ಬರಲ್ಲ. ನೀನೇ ವಾಸಿ" ಎಂದ ಪಿಸುದನಿಯಲ್ಲಿ.

ಓದಿದೆ, ಅದೇ ಚಪ್ಪಟೆ ದನಿಯಲ್ಲಿ. ವಿಯೆನೊ ಕೋಣೆಯ ಆ ತುದಿಯಲ್ಲಿ ಯಾರದೋ ಬೂಟಿನ ದಾರ ಎಳೆಯುತ್ತಿದ್ದಳು. ಮೊದಲ ಪುಟಕ್ಕೇ ತಲೆಯೆತ್ತಿದಳು. ದಾರ ಬಿಟ್ಟು, ಎಲ್ಲರ ಕಾಲುಗಳ ನಡುವೆ ಅಂಬೆಗಾಲಿಟ್ಟು ಬಂದು, ನನ್ನ ಮೊಣಕಾಲು ಹಿಡಿದು ಎದ್ದು ನಿಂತಳು. ಬೂಟಿನ ಪುಟ ಬಂದಾಗ ಅದರ ಮೇಲೆ ಅಂಗೈ ಬಡಿದು "ಕ್ವಾ" ಎಂದಳು.

"ಅಬ್ಬಾ, ಪುಣ್ಯಾತ್ಗಿತ್ತಿ! ನಾನು ಎರಡು ತಿಂಗಳಿಂದ ಬಾಯಿ ನೋಯಿಸ್ಕೊಂಡ್ರೂ ಹೇಳಿರ್ಲಿಲ್ಲ!" ಪೆಂಟ್ಟಿ ಹೋದ ದನಿಯಲ್ಲೇ ಕೂಗಿದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಪುಟ ತಿರುಗಿಸಿದೆ. ಅವಳು ಹಿಂದಕ್ಕೆ ತಿರುಗಿಸಿದಳು. ಮತ್ತೆ ಓದಿದೆ.

ಎದೆ ತುಂಬಿ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಮನೆಗೆ ಬರುವ ದಾರಿಯಲ್ಲಿ ನನಗೆ ಹಸಿವಾಯಿತು, ಅಮ್ಮ. ಎಷ್ಟೋ ಕಾಲದ ಮೇಲೆ. ಕೋಟು ಕೂಡ ಬಿಚ್ಚದೆ, ಅಡಿಗೆಮನೆಯಲ್ಲಿ ನಿಂತೇ ರೈ ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ ಹಚ್ಚಿಕೊಂಡು ತಿಂದೆ.

ನಿನ್ನ ಮಗಳು,
ಆಯ್ಲಿ

ತಾ.ಕ.: ಡಿಸೆಂಬರಿನಲ್ಲಿ ನಾನು ಹೋಗಿದ್ದು ತೂಕ ನೋಡಿಸುವುದಕ್ಕಲ್ಲ. ವಿಯೆನೊಳನ್ನು ಸಾಕಲು ಬೇರೆ ಯಾರಾದರೂ ಸಿಗುತ್ತಾರಾ ಎಂದು ಕೇಳುವುದಕ್ಕೆ. ಒಸ್ಮೊಗೂ ಗೊತ್ತಿಲ್ಲ. "ಕೇಳಿದ್ದು ಒಳ್ಳೇದಾಯ್ತು. ಚಳಿಗಾಲ ಕಳೀಲಿ, ಆಗ್ಲೂ ಹಾಗೇ ಅನ್ಸಿದ್ರೆ ಕೂತು ಮಾತಾಡೋಣ" ಎಂದಿದ್ದಳು ಸೀರ್ಪಾ. ಇವತ್ತು ಬೆಳಿಗ್ಗೆ ಹೋಗಿ, ಬೇಡ ಎಂದು ಹೇಳಿ ಬಂದೆ. ಆದರೆ ನನ್ನೊಬ್ಬಳಿಂದ ಆಗುತ್ತಿಲ್ಲ. ನೀನು ಬಾ.